ಮೂರು ಇಯತ್ತೆ, ಒಂದು ಕೋಣೆ, ಒಬ್ಬ ಮಾಸ್ತರು

ಏಣಿ_ಮಾಸ್ತರ್ · ಶನಿವಾರ, ಮಧ್ಯಾಹ್ನ 2:10

ಹಾವೇರಿ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಊರು, ತಾಲೂಕು ಬೇಡ. ನೋಟಿಸು ಬಂದರೆ ಉತ್ತರ ಬರೆಯಲು ನನಗೆ ಟೈಮ್ ಇಲ್ಲ.

ಒಂದರಿಂದ ಐದನೇ ಇಯತ್ತೆವರೆಗೆ 51 ಮಕ್ಕಳು. ನಾವು ಇಬ್ಬರು ಶಿಕ್ಷಕರು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಸಾಕು. ಅಂದರೆ ಕಾಗದದ ಲೆಕ್ಕದಲ್ಲಿ ನಮ್ಮಲ್ಲಿ ಕೊರತೆಯೇ ಇಲ್ಲ.

ನಲಿಕಲಿ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು, ಎರಡು, ಮೂರನೇ ಇಯತ್ತೆ ಮಕ್ಕಳು ಒಂದೇ ಕೋಣೆಯಲ್ಲಿ ಬೆರೆತು ಕೂರುತ್ತಾರೆ. ಇಯತ್ತೆ ಪ್ರಕಾರ ಅಲ್ಲ, ತಟ್ಟೆ ಪ್ರಕಾರ, ಅಂದರೆ ಕಲಿಕೆಯ ಗುಂಪಿನ ಪ್ರಕಾರ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ತಿ ಸಹಾಯ, ಎರಡನೆಯದಕ್ಕೆ ಸ್ವಲ್ಪ. ಮೂರು, ನಾಲ್ಕರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ. ಐದರಲ್ಲಿ ಮಗು ತಾನೇ ಮಾಡಬೇಕು. ಗೋಡೆ ಮೇಲೆ ಕಲಿಕಾ ಏಣಿ. ಕಾರ್ಡು ಮುಗಿಸಿದ ಹಾಗೆ ಮಗು ಮೆಟ್ಟಿಲು ಹತ್ತುತ್ತಾ ಹೋಗುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಡೆ ಶುರುವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲಾ ಬಂತು.

ನನಗೆ ಈ ಪದ್ಧತಿ ಇಷ್ಟ. ಆದರೆ ಅದು ನಡೆಯಬೇಕಾದರೆ ಮೊದಲ ತಟ್ಟೆಯ ಪಕ್ಕ ಒಬ್ಬರು ನೆಲದ ಮೇಲೆ ಕೂತಿರಬೇಕು. ಎದ್ದು ಹೋಗಬಾರದು. ಇಬ್ಬರೂ ಶಾಲೆಯಲ್ಲಿದ್ದ ದಿನ ಅದು ಆಗುತ್ತದೆ. ಒಬ್ಬರು ತರಬೇತಿಗೋ, ಸಭೆಗೋ, ಸಮೀಕ್ಷೆಗೋ ಹೋದರೆ ಉಳಿದವರ ಕೈಗೆ ಐದೂ ಇಯತ್ತೆ. ಜೊತೆಗೆ ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಮಕ್ಕಳ ಮಾಹಿತಿ ಹಾಕುವ ಸ್ಯಾಟ್ಸ್ ಆನ್‌ಲೈನ್ ಎಂಟ್ರಿ. ನಾಲ್ಕು, ಐದಕ್ಕೆ ಈಗ ಪಾಠ ಆಧಾರಿತ ಮೌಲ್ಯಾಂಕನ ಬೇರೆ. ಪಾಠ ಮುಗಿದ ಮೇಲೆಲ್ಲಾ ಪರೀಕ್ಷೆ, ಅದರ ಅಂಕ ಬರೆದಿಡಬೇಕು.

ನನ್ನ ಪ್ರಶ್ನೆ ಒಂದೇ. ಒಬ್ಬರೇ ಇರುವ ದಿನ ನೀವು ನಲಿಕಲಿ ಕೋಣೆಯಲ್ಲಿ ಏನು ಮಾಡುತ್ತೀರಿ? ಗೊತ್ತಿದ್ದವರು ಅದನ್ನಷ್ಟೇ ಹೇಳಿ.

ಊರಿನವರದ್ದು ಬೇರೆ ತಕರಾರು, ಅ ಆ ಇ ಈ ಬಿಟ್ಟು ರ ಗ ಸ ದ ಅ ಅಂತ ಯಾಕೆ ಶುರು ಮಾಡ್ತೀರಿ ಅಂತ. ಅದು ಬಿಡಿ, ದೊಡ್ಡ ವಿಷಯ ಅಲ್ಲ.

ನಿವೃತ್ತ_ಮುಖ್ಯಗುರು · 2:31

ದೊಡ್ಡ ವಿಷಯ ಅಲ್ವಾ? ಮಾಸ್ತರೇ, ಇದಕ್ಕಿಂತ ದೊಡ್ಡ ವಿಷಯ ಶಾಲೆಯಲ್ಲಿ ಇನ್ನು ಯಾವುದಿದೆ?

34 ವರ್ಷ ಧಾರವಾಡ ಸೀಮೆಯಲ್ಲಿ ಕಲಿಸಿದ್ದೇನೆ. ಮರಳು ಹರಡಿ, ಮಗುವಿನ ಬೆರಳು ಹಿಡಿದು ಓನಾಮ ತಿದ್ದಿಸಿದವನು ನಾನು. ಅ ಮೊದಲು, ಆ ಆಮೇಲೆ. ಇದು ಯಾರೋ ಒಬ್ಬರು ಕೂತು ಮಾಡಿದ್ದಲ್ಲ. ಬಾಯಿ ತೆರೆದರೆ ಬರುವ ಮೊದಲ ದನಿಯೇ ಅ. ಅದನ್ನು ಐದನೇ ಜಾಗಕ್ಕೆ ತಳ್ಳಿ, ರ ಅನ್ನು ತಂದು ಮುಂದೆ ಕೂರಿಸಿದ್ದೀರಿ. ಮದುವೆಯಲ್ಲಿ ವರನನ್ನು ಹಿಂದಿನ ಸಾಲಿಗೆ ಕಳಿಸಿದ ಹಾಗೆ.

ಅಕ್ಕೋರು_7 · 2:44

ಸರ್ ನಮಸ್ಕಾರ. ನಾನು ಹನ್ನೊಂದು ವರ್ಷದಿಂದ ನಲಿಕಲಿ ಶಿಕ್ಷಕಿ, ತರಬೇತಿಯನ್ನೂ ಕೊಟ್ಟಿದ್ದೇನೆ. ವರನ ಮಾತು ಚೆನ್ನಾಗಿದೆ, ಆದರೆ ಮದುವೆ ಆಗಬೇಕಾದ್ದು ಮಗು ಮತ್ತು ಪದಕ್ಕೆ.

ರ ಗ ಸ ದ ಅ ಐದೇ ಅಕ್ಷರ. ಬರೆಯಲು ಸುಲಭ. ಇವಿಷ್ಟರಲ್ಲೇ ಮಗು ಅಗಸ, ಅರಸ, ಸರ, ಗರಗಸ ಬರೆಯುತ್ತದೆ. ಗದಗ ಬರೆಯುತ್ತದೆ. ಗರಗ ಬರೆಯುತ್ತದೆ, ನಮ್ಮ ಧಾರವಾಡ ತಾಲೂಕಿನ ಗರಗ, ರಾಷ್ಟ್ರಧ್ವಜಕ್ಕೆ ಖಾದಿ ಬಟ್ಟೆ ನೇಯುವ ಊರು. ಮುಂದಿನ ಗುಂಪು ಜ ವ ಮ ಬ ನ. ಹತ್ತು ಅಕ್ಷರಕ್ಕೆ ಬಸವ, ಮಗ, ಜನ, ಮರ, ಗಮನ.

ನೀವು ಅ ಆ ಇ ಈ ಉ ಊ ಕಲಿಸಿದ ಮೇಲೆ ಆ ಆರರಲ್ಲಿ ಆಗುವ ಪದ ಹೇಳಿ ನೋಡೋಣ. ಆ, ಈ. ಮುಗೀತು.

ಮೆಣಸಿನಕಾಯಿ_ಬ್ಯಾಡಗಿ · 2:52

ಇನ್ನೂ ಸ್ವಲ್ಪ ಮುಂದೆ ಹೋದರೆ ಏ ಬರುತ್ತೆ ಅಕ್ಕೋರೇ. ನಮ್ಮೂರಲ್ಲಿ ಅರ್ಧ ಮಾತು ಅದರಲ್ಲೇ ಮುಗಿಯುತ್ತೆ.

ನಿವೃತ್ತ_ಮುಖ್ಯಗುರು · 3:05

ಗದಗ, ಗರಗ ಬರೆದರಂತೆ. ಶಹಬ್ಬಾಸ್. ಅದೇ ಮಗು ಹುಬ್ಬಳ್ಳಿ ಅಂತ ಬರೆಯಲಿ. ಎರಡು ಒತ್ತು ಇವೆ. ಹಾವೇರಿ ಬರೆಯಲಿ, ಎರಡು ದೀರ್ಘ, ಒಂದು ಗುಡಿಸು. ಸುಲಭವಾದ ಊರು ಹುಡುಕಿ ತಂದು ಪದ್ಧತಿ ಗೆದ್ದಿತು ಅನ್ನಬೇಡಿ.

ಗದಗ_ತಾಯಿ · 3:20

ಗದಗ ಅಂದಿರಲ್ಲಾ ಅಕ್ಕೋರೇ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಮಗಳು ಒಂದನೇ ಇಯತ್ತೆಯಲ್ಲಿ ಮನೆ ಗೋಡೆ ತುಂಬಾ ಗದಗ ಗದಗ ಅಂತ ಬರೆದಳು. ನಾವೆಲ್ಲಾ ಹಿಗ್ಗಿದೆವು. ಎರಡನೇ ಇಯತ್ತೆ ಮುಗಿಯುವ ಹೊತ್ತಿಗೂ ತನ್ನ ಹೆಸರು ಸರಿಯಾಗಿ ಬರೆಯಲು ಬರುತ್ತಿರಲಿಲ್ಲ. ಅವಳ ಹೆಸರಲ್ಲಿ ಒತ್ತಕ್ಷರ ಇದೆ. ಕೇಳಿದರೆ, ಅವಳು ಇನ್ನೂ ಆ ಮೆಟ್ಟಿಲಿಗೆ ಬಂದಿಲ್ಲ ರೀ ಅಂದರು.

ಅವರಪ್ಪ ಅಂದರು, ಮೆಟ್ಟಿಲು ಬರೋವರೆಗೆ ಕೂಸಿಗೆ ಹೆಸರೇ ಇಲ್ವಾ? ಮರುವರ್ಷ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಫೀ ಕಟ್ಟಲು ಕಷ್ಟ ಇದೆ, ಆದರೂ ಹಾಕಿದೆವು.

ಉಣಕಲ್_ಹುಡುಗ · 3:34

ಇದು ಬರೀ ಒಬ್ಬರ ಮನೆ ಕತೆ ಅಲ್ಲ. ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿ ತೆಗೆದು ನೋಡಿ. ಸರ್ಕಾರಿ ಶಾಲೆಯ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ. 16.3. ನೂರರಲ್ಲಿ 84 ಮಕ್ಕಳು ಓದಲ್ಲ. ಇದು ನಿಮ್ಮ ರ ಗ ಸ ದ ಅ ಫಲಿತಾಂಶ. ವಿಷಯ ಮುಗೀತು.

ಅಕ್ಕೋರು_7 · 3:41

2022 ಮಾತ್ರ ಯಾಕೆ ತೆಗೆದಿರಿ? ಕೊರೊನಾ ಕಳೆದು ಶಾಲೆ ಬಾಗಿಲು ತೆರೆದ ಹೊಸತು ಅದು. 2024ರದ್ದು ನೋಡಿ, ಅದೇ ಲೆಕ್ಕ ಶೇ. 23.4ಕ್ಕೆ ಏರಿದೆ. ಕೊರೊನಾಗಿಂತ ಮೊದಲು 2018ರಲ್ಲಿ 20.9 ಇತ್ತು. ಅಂದರೆ ಹಳೆಯದಕ್ಕಿಂತ ಮೇಲೆ. ಇದಕ್ಕೆ ನಲಿಕಲಿಯೇ ಕಾರಣ ಅಂತ ನಾನು ಹೇಳಬಹುದಲ್ವಾ?

ಕಚೇರಿ_ಕಡತ · 3:50

ಇಬ್ಬರೂ ಸ್ವಲ್ಪ ನಿಲ್ಲಿ. ನೀವು ಕೊಟ್ಟ ಮೂರೂ ಅಂಕಿ ಇಡೀ ದೇಶದ ಗ್ರಾಮೀಣ ಭಾಗದ್ದು. ಬಿಹಾರ, ಉತ್ತರ ಪ್ರದೇಶ ಎಲ್ಲಾ ಸೇರಿದೆ. ಅಲ್ಲಿ ಯಾರು ರ ಗ ಸ ದ ಕಲಿಸುತ್ತಾರೆ?

ಉಣಕಲ್_ಹುಡುಗ · 3:53

ಕರ್ನಾಟಕ ದೇಶದ ಒಳಗಿದೆ ಅಂದುಕೊಂಡಿದ್ದೆ. ತಪ್ಪಿದ್ದರೆ ಹೇಳಿ.

ಏಣಿ_ಮಾಸ್ತರ್ · 4:15

ಎಲ್ಲರಿಗೂ ವಂದನೆ. ನಾನು ಕೇಳಿದ್ದು ಅಕ್ಷರದ ಕ್ರಮ ಅಲ್ಲ. ಒಬ್ಬರೇ ಇರುವ ದಿನದ ಬಗ್ಗೆ ಕೇಳಿದ್ದೆ.

2025ರದ್ದೇ ಹೇಳುತ್ತೇನೆ. ಸೆಪ್ಟೆಂಬರ್ 22ಕ್ಕೆ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ನಾವೇ ಮನೆ ಮನೆಗೆ ಹೋದೆವು. ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ರಜೆ ಮಕ್ಕಳಿಗೆ, ನಮಗಲ್ಲ. ವಾಪಸ್ ಬಂದಾಗ ಎರಡನೇ ಇಯತ್ತೆಯ ಆರು ಮಕ್ಕಳು ಇದ್ದ ಮೆಟ್ಟಿಲಿಂದ ಕೆಳಗೆ ಬಂದಿದ್ದರು. ಅಕ್ಷರ ಮರೆತಿದ್ದರು. ನಾನು ಗೋಡೆಯ ಏಣಿಯಲ್ಲಿ ಅವರ ಗುರುತನ್ನು ಕೆಳಗೆ ಇಳಿಸಲಿಲ್ಲ. ಅಧಿಕಾರಿಗಳು ಬಂದರೆ ಯಾಕೆ ಇಳಿಯಿತು ಅಂತ ಕೇಳುತ್ತಾರೆ. ಏಣಿ ಗೋಡೆ ಮೇಲೆ ಮೇಲಿದೆ, ಮಕ್ಕಳು ಕೆಳಗಿದ್ದಾರೆ.

ಇದಕ್ಕೆ ಏನಾದರೂ ದಾರಿ ಇದ್ದರೆ ಹೇಳಿ.

ಕಚೇರಿ_ಕಡತ · 4:28

ಅಧಿಕಾರಿಗಳು ಅಂದಿರಲ್ಲಾ, ಅದಕ್ಕೆ ಉತ್ತರ ಕೊಡಬೇಕಾಗುತ್ತೆ. ನಾನು ನಾಲ್ಕು ವರ್ಷ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಆಗಿದ್ದೆ. ಹದಿನಾರು ಶಾಲೆಗೆ ಬೈಕ್‌ನಲ್ಲಿ ತಿರುಗಿದವನು. ಏಣಿ ಇಳಿಸಬೇಡಿ ಅಂತ ಯಾವ ಸುತ್ತೋಲೆಯಲ್ಲೂ ಇಲ್ಲ. ಮಗು ಎಲ್ಲಿದೆಯೋ ಅಲ್ಲಿಂದ ಶುರು ಮಾಡಿ ಅನ್ನೋದೇ ನಲಿಕಲಿಯ ಮೊದಲ ಪಾಠ. ನೀವೇ ಹೆದರಿ ಸುಳ್ಳು ಗುರುತು ಹಾಕಿ, ಆಮೇಲೆ ಇಲಾಖೆ ಮೇಲೆ ಹಾಕುತ್ತೀರಿ.

ನೀತಿ ಸರಿಯಾಗೇ ಇದೆ. ತರಬೇತಿ ಕೊಟ್ಟಿದ್ದೇವೆ. ಸಾಮಗ್ರಿ ಕೊಟ್ಟಿದ್ದೇವೆ. ತೊಂದರೆ ಇರೋದು ಅನುಷ್ಠಾನದಲ್ಲಿ.

ಏಣಿ_ಮಾಸ್ತರ್ · 4:33

ಅನುಷ್ಠಾನ ಅಂದರೆ ನಾನೇ ಸರ್. ಬೇರೆ ಯಾರೂ ಇಲ್ಲ.

ಉಣಕಲ್_ಹುಡುಗ · 4:36

ಸಾಮಗ್ರಿ ಕೊಟ್ಟಿದ್ದೇವೆ ಅಂತೆ. ನಮ್ಮ ಅತ್ತಿಗೆ ಕೂಡ ಶಿಕ್ಷಕಿ. ಹರಿದ ಕಾರ್ಡಿಗೆ ಸ್ವಂತ ದುಡ್ಡಲ್ಲಿ ಲ್ಯಾಮಿನೇಶನ್ ಮಾಡಿಸಿದ್ದಾರೆ. ಒಂದು ಸೆಟ್ಟಿನಲ್ಲಿ ಅರ್ಧ ಕಾರ್ಡು ಇಲ್ಲ. ಏಣಿಯಲ್ಲಿ ನಡುನಡುವೆ ಮೆಟ್ಟಿಲೇ ಇಲ್ಲದಿದ್ದರೆ ಮಗು ಹಾರಬೇಕಾ?

ಕಚೇರಿ_ಕಡತ · 4:42

ಅತ್ತಿಗೆಯವರು ಬೇಡಿಕೆ ಪತ್ರ ಕೊಟ್ಟಿದ್ದರಾ? ದಿನಾಂಕ ಹೇಳಿ.

ಉಣಕಲ್_ಹುಡುಗ · 4:43

ಕೇಳಿದ್ರಾ ಎಲ್ಲರೂ? ದಿನಾಂಕ ಬೇಕಂತೆ!

ನಿವೃತ್ತ_ಮುಖ್ಯಗುರು · 4:58

ನೀವೆಲ್ಲ ಕಾರ್ಡಿನ ಬೆನ್ನು ಹತ್ತಿದ್ದೀರಿ. ಕಾರ್ಡು ಇರಲಿ ಬಿಡಲಿ, ಅ ಆ ಇ ಈ ಗೆ ಕಾರ್ಡು ಬೇಕಾ? ಬಾಯಿ ಸಾಕು.

ಈ ಭಾಗದ ಇತಿಹಾಸ ಸ್ವಲ್ಪ ತಿಳಿದುಕೊಳ್ಳಿ. ಮುಂಬಯಿ ಸರ್ಕಾರದ ಕಾಲದಲ್ಲಿ ಇಲ್ಲಿ ಮರಾಠಿ ಶಾಲೆಗಳೇ ತುಂಬಿದ್ದವು. ಶಿಕ್ಷಣಾಧಿಕಾರಿಯಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಪಟ್ಟು ಹಿಡಿದು ಕನ್ನಡ ಶಾಲೆ ಮಾಡಿಸಿದರು. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. ಅದಕ್ಕೂ ಮೊದಲು ಗಾವಠಿ ಶಾಲೆಗಳು. ಒಬ್ಬರೇ ಮಾಸ್ತರು, ಗುಡಿಯ ಕಟ್ಟೆ, ನಲವತ್ತು ಹುಡುಗರು. ದೊಡ್ಡ ಹುಡುಗ ಸಣ್ಣವನಿಗೆ ಹೇಳಿಕೊಡುತ್ತಿದ್ದ. ಯಾರೂ ಇಬ್ಬರು ಶಿಕ್ಷಕರು ಬೇಕು ಅಂತ ಅಳಲಿಲ್ಲ.

ಅಕ್ಕೋರು_7 · 5:04

ಸರ್! ದೊಡ್ಡ ಹುಡುಗ ಸಣ್ಣವನಿಗೆ ಹೇಳಿಕೊಡುತ್ತಿದ್ದ ಅಂದಿರಲ್ಲಾ, ಅದೇ ನಲಿಕಲಿ! ಮೂರನೇ ತಟ್ಟೆ! ನೀವು ನಮ್ಮ ಪರವಾಗಿ ಮಾತಾಡುತ್ತಿದ್ದೀರಿ!

ನಿವೃತ್ತ_ಮುಖ್ಯಗುರು · 5:07

ಅಲ್ಲ. ಅವರು ಅ ಆ ಇ ಈ ಕಲಿಸುತ್ತಿದ್ದರು.

ಮೆಣಸಿನಕಾಯಿ_ಬ್ಯಾಡಗಿ · 5:25

ನಾನು ನಮ್ಮೂರ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸದಸ್ಯ. ಓದಿದ್ದು ಕಮ್ಮಿ. ಮಾಸ್ತರು ಏಣಿ ಏಣಿ ಅಂತಾರೆ, ಅದರ ಬಗ್ಗೆ ಒಂದು ಮಾತು.

ಜನವರಿಯಿಂದ ಮಾರ್ಚ್‌ವರೆಗೆ ಬ್ಯಾಡಗಿ ಮಾರ್ಕೆಟ್ ಜೋರು. ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋದರೆ ಮಕ್ಕಳೂ ಹಿಂದೆ ಹೋಗುತ್ತವೆ. ತಿಂಗಳುಗಟ್ಟಲೆ ಶಾಲೆ ಇಲ್ಲ. ಮೊದಲು ಏನಾಗುತ್ತಿತ್ತು ಅಂದರೆ, ವಾಪಸ್ ಬಂದಾಗ ಪುಸ್ತಕ ಎಂಟನೇ ಪಾಠದಲ್ಲಿ, ಕೂಸು ಮೂರನೇ ಪಾಠದಲ್ಲಿ. ಹಿಂದಿನ ಬೆಂಚಲ್ಲಿ ಕೂತು ಕಿಟಕಿ ನೋಡೋದೇ ಕೆಲಸ. ಈಗ ಏಣಿಯಲ್ಲಿ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಹತ್ತುತ್ತದೆ. ನನ್ನ ತಂಗಿಯ ಮಗ ಹಾಗೇ ಓದಿದ್ದು. ಹಾಗಾಗಿ ಪದ್ಧತಿ ಬೈಯಬೇಡಿ.

ಆದರೆ ಮಾಸ್ತರುಗಳೂ ಕೂತಲ್ಲಿ ಫೋನ್ ತಿಕ್ಕುತ್ತಾರೆ. ಅದನ್ನೂ ಹೇಳಲೇಬೇಕು.

ಏಣಿ_ಮಾಸ್ತರ್ · 5:31

ಫೋನಿನಲ್ಲಿ ಹಾಜರಿ ಹಾಕುತ್ತೇವೆ ಅಣ್ಣಾರೇ. ಮೊಟ್ಟೆ ಎಷ್ಟು ಮಕ್ಕಳು ತಿಂದರು, ಬಾಳೆಹಣ್ಣು ಎಷ್ಟು ಮಕ್ಕಳಿಗೆ ಅಂತ ಹಾಕುತ್ತೇವೆ. ನೆಟ್‌ವರ್ಕ್ ಇಲ್ಲ ಅಂತ ಬಾಗಿಲ ಹೊರಗೆ ನಿಂತು ಹಾಕುತ್ತೇವೆ. ಅಷ್ಟು ಹೊತ್ತು ಮೊದಲ ತಟ್ಟೆ ಖಾಲಿ. ನಾನು ಹೇಳುತ್ತಿರುವುದೂ ಅದನ್ನೇ.

ಮೆಣಸಿನಕಾಯಿ_ಬ್ಯಾಡಗಿ · 5:33

ನಾನು ನೋಡಿದಾಗ ಕ್ರಿಕೆಟ್ ಇತ್ತು.

ಏಣಿ_ಮಾಸ್ತರ್ · 5:34

ನಮ್ಮ ಶಾಲೆ ಅಲ್ಲ.

ಮೆಣಸಿನಕಾಯಿ_ಬ್ಯಾಡಗಿ · 5:35

ಯಾವ ಶಾಲೆ ಅಂತ ನಾನೆಲ್ಲಿ ಹೇಳಿದೆ?

ಉಣಕಲ್_ಹುಡುಗ · 5:50

ಸಮೀಕ್ಷೆಗೆ ಶಿಕ್ಷಕರನ್ನು ಹಾಕುವುದೇ ತಪ್ಪು. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 27 ಓದಿ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಈ ಮೂರು ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಕಳಿಸುವಂತಿಲ್ಲ.

ಕಚೇರಿ_ಕಡತ · 5:58

ಚುನಾವಣೆ ಇದೆ, ನೀವೇ ಬರೆದಿದ್ದೀರಿ. ಜನಗಣತಿಯೂ ಇದೆ. ಆಗಲೂ ಶಾಲೆಯಲ್ಲಿ ಒಬ್ಬರೇ ಉಳಿಯುತ್ತಾರೆ. ಅಂದರೆ ಕಾಯ್ದೆಯೇ ಒಪ್ಪಿಕೊಂಡ ಮೇಲೆ ದೂರು ಯಾಕೆ?

ಉಣಕಲ್_ಹುಡುಗ · 6:01

ಸಮೀಕ್ಷೆ ಅಂದರೆ ಚುನಾವಣೆ ಅಲ್ಲ ಗುರುವೇ.

ಕಚೇರಿ_ಕಡತ · 6:02

ಗುರುವೇ ಅನ್ನಬೇಡಿ. ಏಕವಚನ ಬೇಡ.

ಉಣಕಲ್_ಹುಡುಗ · 6:02

ಗುರುವೇ ಅನ್ನೋದು ಏಕವಚನವಾ? ಹುಬ್ಬಳ್ಳಿಯಲ್ಲಿ ಇದಕ್ಕಿಂತ ಮರ್ಯಾದೆ ಇಲ್ಲ.

ತಾಂಡಾ_ದಾರಿ · 6:40

ಮುಂಡರಗಿ ಕಡೆಯ ತಾಂಡಾದವನು. ನಮ್ಮ ಮನೆಯಲ್ಲಿ ಮೊದಲ ಪದವೀಧರ ನಾನೇ. ಇಲ್ಲಿ ಮಧ್ಯಾಹ್ನದಿಂದ ಅ ಮೊದಲೋ ರ ಮೊದಲೋ ಅಂತ ನಡೀತಿದೆ. ನಮಗೆ ಎರಡೂ ಒಂದೇ ಆಗಿತ್ತು.

ಮನೆಯಲ್ಲಿ ನಾವು ಲಂಬಾಣಿ ಆಡುತ್ತೇವೆ. ಅಮ್ಮ ಅಂದರೆ ಯಾಡಿ. ನೀರು ಪಾಣಿ. ರೊಟ್ಟಿ ಬಾಟಿ. ಆರನೇ ವಯಸ್ಸಿಗೆ ಶಾಲೆಗೆ ಹೋದೆ. ಗೋಡೆಯ ಮೇಲೆ ಅಗಸನ ಚಿತ್ರ. ನಮ್ಮ ತಾಂಡಾದಲ್ಲಿ ಅಗಸ ಇರಲಿಲ್ಲ, ಆ ಪದವೂ ಇರಲಿಲ್ಲ. ಅ ಗ ಸ ಮೂರೂ ಅಕ್ಷರ ಓದಿದೆ. ಓದಿ ಏನು ಓದಿದೆ ಅಂತ ಗೊತ್ತಾಗಲಿಲ್ಲ. ಪಕ್ಕದ ಹುಡುಗ ನಕ್ಕ.

ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ರಾಜ್ಯದ ಶಿಕ್ಷಣ ನೀತಿಗೆ ವರದಿ ಕೊಟ್ಟಿದೆ. ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕು ಅಂತ ಹೇಳಿದೆ. ನನ್ನ ಮಾತೃಭಾಷೆಯಲ್ಲಿ ಯಾವ ಶಾಲೆ? ಯಾವ ಕಾರ್ಡು? ತಾಂಡಾಗೆ ಲಂಬಾಣಿ ಬರುವ ಒಬ್ಬ ಶಿಕ್ಷಕರನ್ನು ಮೊದಲ ವರ್ಷಕ್ಕಾದರೂ ಕೊಡಿ. ಆಮೇಲೆ ಯಾವ ಅಕ್ಷರದಿಂದ ಬೇಕಾದರೂ ಶುರು ಮಾಡಿ.

ಅಕ್ಕೋರು_7 · 6:52

ಒಳ್ಳೆಯ ಮಾತು ತಮ್ಮಾ. ಆದರೆ ಒಂದು ಗಮನಿಸು. ಯಾಡಿ ಅಂತ ಬರೆಯಲು ಯ, ಡ ಬೇಕು, ಜೊತೆಗೆ ಇಳಿ, ಗುಡಿಸು ಬೇಕು. ಅವೆಲ್ಲ ಮುಂದಿನ ಮೆಟ್ಟಿಲಲ್ಲಿ ಬರುತ್ತವೆ.

ನಿವೃತ್ತ_ಮುಖ್ಯಗುರು · 6:55

ನೋಡಿ! ತಾಯಿ ಅನ್ನುವ ಪದವೇ ನಿಮ್ಮ ಪದ್ಧತಿಯಲ್ಲಿ ಮುಂದಿನ ಮೆಟ್ಟಿಲು. ನಮ್ಮ ಪದ್ಧತಿಯಲ್ಲಿ ಅ ಅಂದ ಕೂಡಲೇ ಅಮ್ಮ.

ಅಕ್ಕೋರು_7 · 6:57

ಅಮ್ಮ ಅಂತ ಬರೆಯಲು ಮಕಾರದ ಒತ್ತು ಬೇಕು ಸರ್. ನೀವು ಅದನ್ನು ಯಾವ ತಿಂಗಳು ಕಲಿಸುತ್ತಿದ್ದಿರಿ? ನಿಜ ಹೇಳಿ.

ತಾಂಡಾ_ದಾರಿ · 7:01

ನಾನು ಯಾಡಿ ಹೇಗೆ ಬರೆಯೋದು ಅಂತ ಕೇಳಲಿಲ್ಲ.

ಗದಗ_ತಾಯಿ · 7:10

ಐದನೇವರೆಗೆ ಕನ್ನಡ ಅನ್ನೋದನ್ನು ಸುಪ್ರೀಂ ಕೋರ್ಟ್ 2014ರಲ್ಲೇ ತಳ್ಳಿಹಾಕಿದೆ ಅಲ್ವಾ? ಯಾವ ಮಾಧ್ಯಮ ಅಂತ ಆರಿಸೋದು ತಂದೆತಾಯಿ ಹಕ್ಕು. ಮತ್ತೆ ಅದೇ ರಾಗ ಯಾಕೆ? ಮಂತ್ರಿಗಳ ಮಕ್ಕಳು ಯಾವ ಶಾಲೆಯಲ್ಲಿ ರ ಗ ಸ ದ ಬರೆಯುತ್ತಿದ್ದಾರೆ ಹೇಳಿ. ಸರ್ಕಾರವೇ 2019ರಲ್ಲಿ ಸಾವಿರ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಅವರಿಗೇ ನಂಬಿಕೆ ಇಲ್ಲದ್ದನ್ನು ನಾವು ನಂಬಬೇಕಾ?

ಏಣಿ_ಮಾಸ್ತರ್ · 7:22

ಮೇಡಂ, ಆ ಇಂಗ್ಲಿಷ್ ವಿಭಾಗ ಬಂದ ಎಷ್ಟೋ ಕಡೆ ಕಲಿಸುವವರು ಇದ್ದ ಶಿಕ್ಷಕರೇ. ಒಂದಷ್ಟು ದಿನ ತರಬೇತಿ ಕೊಟ್ಟರು, ಅಷ್ಟೇ. ಮತ್ತೆ ನನ್ನ ಪ್ರಶ್ನೆಗೇ ಬಂದು ನಿಂತಿತು, ಕೋಣೆಯಲ್ಲಿ ಯಾರಿದ್ದಾರೆ ಅಂತ.

ಉಣಕಲ್_ಹುಡುಗ · 7:30

ಮೇಲಿನವರಿಗೆ ಪುಸ್ತಕ ಬದಲಿಸೋದು ಇಷ್ಟ, ಯಾಕಂದ್ರೆ ಅದಕ್ಕೆ ಮಾಸ್ತರು ಬೇಡ, ಪ್ರೆಸ್ ಸಾಕು. 2022ರಲ್ಲಿ ಪಠ್ಯ ಬದಲಾಯಿತು. 2023ರಲ್ಲಿ ಸರ್ಕಾರ ಬದಲಾಯಿತು, ಪಾಠವೂ ಬದಲಾಯಿತು. ಪುಸ್ತಕ ಆಗಲೇ ಮಕ್ಕಳ ಚೀಲದಲ್ಲಿ ಇತ್ತು! 2024ರ ಮಾರ್ಚ್‌ನಲ್ಲಿ 5, 8, 9ಕ್ಕೆ ಬೋರ್ಡ್ ಪರೀಕ್ಷೆ ಅಂದರು. ಹೈಕೋರ್ಟ್‌ನಲ್ಲಿ ಒಮ್ಮೆ ಬೇಡ, ಒಮ್ಮೆ ಬೇಕು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಹಾಕಿತು. ಐದನೇ ಕ್ಲಾಸ್ ಕೂಸು ಪರೀಕ್ಷೆ ಬರೆದು ಪಾಸೋ ಫೇಲೋ ಅಂತ ಕಾಯುತ್ತಾ ಕೂತಿತು. ಇದಕ್ಕೆ ನೀತಿ ಅನ್ನುತ್ತೀರಾ?

ನಿವೃತ್ತ_ಮುಖ್ಯಗುರು · 7:41

ಪರೀಕ್ಷೆ ಇರಲೇಬೇಕು. ಮಗ್ಗಿ, ಬಳ್ಳಿ (ಕಾಗುಣಿತ), ವರ್ಣಮಾಲೆ, ಮೂರೂ ಬಾಯಿಪಾಠ. ಈಗಿನ ಹತ್ತನೇ ಹುಡುಗನಿಗೆ ಕನ್ನಡದಲ್ಲಿ ಎಷ್ಟು ಅಕ್ಷರ ಅಂತ ಕೇಳಿ ನೋಡಿ. 49. ಸ್ವರ 13, ಯೋಗವಾಹ 2, ವ್ಯಂಜನ 34. ಹೇಳಿದರೆ ನನ್ನ ಕಿವಿ ಕತ್ತರಿಸಿ ಕೊಡುತ್ತೇನೆ.

ಮೆಣಸಿನಕಾಯಿ_ಬ್ಯಾಡಗಿ · 7:44

ನನಗೆ 52 ಅಂತ ಹೇಳಿಕೊಟ್ಟಿದ್ದರು.

ನಿವೃತ್ತ_ಮುಖ್ಯಗುರು · 7:45

ತಪ್ಪು ಹೇಳಿಕೊಟ್ಟಿದ್ದಾರೆ.

ಮೆಣಸಿನಕಾಯಿ_ಬ್ಯಾಡಗಿ · 7:46

ಅವರೂ ನಿಮ್ಮ ಕಾಲದವರೇ. ಅ ಆ ಇ ಈ ಯಿಂದಲೇ ಶುರು ಮಾಡಿದ್ದರು.

ಅಕ್ಕೋರು_7 · 7:53

ಸರ್, ಆ 49ರಲ್ಲಿ ಙ ಇದೆ. ಕ ವರ್ಗದ ಕೊನೆಗೆ. ಒಂದನೇ ಇಯತ್ತೆ ಕೂಸಿಗೆ ಙ ತಿದ್ದಿಸುತ್ತಿದ್ದಿರಿ ಅಲ್ವಾ? ಙ ಬರುವ ಒಂದು ಪದ ಹೇಳಿ, ಆ ಕೂಸು ಜೀವನದಲ್ಲಿ ಬಳಸುವಂಥದ್ದು. ಒಂದೇ ಒಂದು.

ನಿವೃತ್ತ_ಮುಖ್ಯಗುರು · 7:59

ವಾಙ್ಮಯ.

ಅಕ್ಕೋರು_7 · 8:00

ಕೂಸು ಬಳಸುವಂಥದ್ದು ಅಂದೆ!

ನಿವೃತ್ತ_ಮುಖ್ಯಗುರು · 8:04

ಕೂಸು ಮುಂದೆ ಬೆಳೆಯುತ್ತದೆ, ಅಕ್ಕೋರೇ. ಕೂಸಾಗಿಯೇ ಇರುವುದಿಲ್ಲ. ನಿಘಂಟು ತೆರೆಯುತ್ತದೆ. ವರ್ಣಮಾಲೆಯ ಕ್ರಮ ಗೊತ್ತಿಲ್ಲದವನು ನಿಘಂಟಿನಲ್ಲಿ ಪದ ಹೇಗೆ ಹುಡುಕುತ್ತಾನೆ? ರ ಗ ಸ ದ ಅಂತ ಹುಡುಕುತ್ತಾನಾ?

ಉಣಕಲ್_ಹುಡುಗ · 8:06

ಫೋನಿನಲ್ಲಿ ಮಾತಾಡಿ ಹುಡುಕುತ್ತಾನೆ.

ಅಕ್ಕೋರು_7 · 8:12

ನಲಿಕಲಿಯಲ್ಲೂ ಮುಂದೆ ವರ್ಣಮಾಲೆ ಬರುತ್ತದೆ ಸರ್, ಎಲ್ಲಾ ಅಕ್ಷರ ಕಲಿತ ಮೇಲೆ. ಯಾರೂ ಅದನ್ನು ಕಿತ್ತು ಹಾಕಿಲ್ಲ. ನೀವು ಕೋಣೆಯೊಳಗೆ ಬಂದೇ ನೋಡಿಲ್ಲ, ಹೊರಗೆ ನಿಂತು ಬೈಯುತ್ತಿದ್ದೀರಿ. ನಮ್ಮ ಶಾಲೆಗೆ ಬನ್ನಿ. ಒಂದು ದಿನ ಪೂರ್ತಿ ಮೊದಲ ತಟ್ಟೆಯ ಪಕ್ಕ ಕೂತು ನೋಡಿ. ಮಂಡಿ ನೋವು ಬರುತ್ತೆ, ಆದರೆ ಕೂಸು ಓದುತ್ತೆ. ಬರೋದಾದರೆ ಇಬ್ಬರೂ ಇರುವ ದಿನ ಬನ್ನಿ. ನಾನೊಬ್ಬಳೇ ಇದ್ದ ದಿನ ಬೋರ್ಡಿನ ಮೇಲೆ ಬರೆದು ನಕಲು ಮಾಡಿ ಅಂತ ಬಿಟ್ಟಿರುತ್ತೇನೆ, ಆಗ ನೋಡಲು ಏನೂ ಇರಲ್ಲ.

ಏಣಿ_ಮಾಸ್ತರ್ · 8:14

ಅಕ್ಕೋರೇ, ಇದನ್ನೇ ನಾನು ಮಧ್ಯಾಹ್ನ ಎರಡು ಗಂಟೆಯಿಂದ ಕೇಳುತ್ತಿರುವುದು. ನೀವೂ ನಕಲು ಮಾಡಿಸುತ್ತೀರಾ?

ಅಕ್ಕೋರು_7 · 8:21

ಅದು ಬೇರೆ ವಿಷಯ. ಯಾವಾಗಲೋ ಒಂದು ದಿನ. ಅದನ್ನು ಹಿಡಿದು ಪದ್ಧತಿಯೇ ಸರಿ ಇಲ್ಲ ಅನ್ನಬೇಡಿ.

ಏಣಿ_ಮಾಸ್ತರ್ · 8:23

ಪದ್ಧತಿ ಸರಿ ಇಲ್ಲ ಅಂತ ನಾನು ಎಲ್ಲೂ ಅಂದಿಲ್ಲ. ಯಾವಾಗಲೋ ಒಂದು ದಿನ ಅಂದರೆ ತಿಂಗಳಿಗೆ ಎಷ್ಟು? ನನ್ನ ಡೈರಿಯಲ್ಲಿ ನವೆಂಬರ್‌ನ ಮೊದಲ ಎರಡು ವಾರಕ್ಕೆ ನಾಲ್ಕು ದಿನ ಇದೆ.

ಕಚೇರಿ_ಕಡತ · 8:30

ನಾಲ್ಕು ದಿನ ನಕಲು ಮಾಡಿಸಿದೆ ಅಂತ ಎಲ್ಲರ ಮುಂದೆ ಬರೆಯುತ್ತಿದ್ದೀರಿ. ಯೋಚಿಸಿ ಬರೆಯಿರಿ ಮಾಸ್ತರೇ. ಒಳ್ಳೇದಕ್ಕೇ ಹೇಳುತ್ತಿದ್ದೇನೆ.

ಉಣಕಲ್_ಹುಡುಗ · 8:32

ಇದು ಬೆದರಿಕೆ ತಾನೇ? ಎಲ್ಲರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಕಚೇರಿ_ಕಡತ · 8:34

ಒಳ್ಳೇದಕ್ಕೆ ಅಂತ ಬರೆದಿದ್ದು ಕಾಣಲ್ವಾ? ನೀವು ಶಿಕ್ಷಕರೂ ಅಲ್ಲ, ಪೋಷಕರೂ ಅಲ್ಲ. ಇಲ್ಲಿ ನಿಮಗೇನು ಕೆಲಸ?

ಉಣಕಲ್_ಹುಡುಗ · 8:35

ತೆರಿಗೆ ಕಟ್ಟುತ್ತೇನೆ. ನಿಮ್ಮ ಬೈಕಿನ ಪೆಟ್ರೋಲ್ ನಂದೇ.

ಕಚೇರಿ_ಕಡತ · 8:36

ಪೆಟ್ರೋಲ್ ಭತ್ಯೆ ಎಷ್ಟು ಅಂತ ಗೊತ್ತಿದ್ದರೆ ಈ ಮಾತು ಆಡುತ್ತಿರಲಿಲ್ಲ. ಅರ್ಧ ತಿಂಗಳು ನನ್ನ ಕೈಯಿಂದ ಹಾಕಿದ್ದೇನೆ. ನಮ್ಮದನ್ನು ಯಾರೂ ಕೇಳಲ್ಲ.

ತಾಂಡಾ_ದಾರಿ · 8:50

ಏಣಿ ಮಾಸ್ತರೇ, ನಿಮ್ಮ ಪ್ರಶ್ನೆಗೆ ನಾನು ಹುಡುಗನಾಗಿದ್ದಾಗ ಕಂಡದ್ದು ಹೇಳುತ್ತೇನೆ. ಒಬ್ಬರೇ ಇದ್ದ ದಿನ ನಮ್ಮ ಮಾಸ್ತರು ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂರಿಸಿ ಕತೆ ಹೇಳುತ್ತಿದ್ದರು. ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ಪಕ್ಕ ನಿಂತು ನಮಗೆ ಲಂಬಾಣಿಯಲ್ಲಿ ಹೇಳುತ್ತಿದ್ದಳು. ಕನ್ನಡ ನನ್ನ ತಲೆಗೆ ಹತ್ತಿದ್ದೇ ಆ ದಿನಗಳಲ್ಲಿ. ಪಾಠದ ದಿನಗಳಲ್ಲಿ ಅಲ್ಲ.

ಕಚೇರಿ_ಕಡತ · 8:56

ಕತೆಗೆ ಏಣಿಯಲ್ಲಿ ಯಾವ ಮೆಟ್ಟಿಲು ತೋರಿಸುತ್ತೀರಿ? ದಾಖಲೆ ಬೇಕಲ್ಲಾ.

ಗದಗ_ತಾಯಿ · 9:02

ಮಗಳ ಈಗಿನ ಶಾಲೆಯಲ್ಲೂ ಏನೂ ಸ್ವರ್ಗ ಇಲ್ಲ, ಸುಳ್ಳು ಹೇಳಲ್ಲ. ಎ ಬಿ ಸಿ ಡಿ ಬರುತ್ತೆ. ಅರ್ಥ ಕೇಳಿದರೆ ಸುಮ್ನೆ ನಿಲ್ಲುತ್ತಾಳೆ. ಆದರೆ ಬಸ್ಸು ಬಾಗಿಲಿಗೆ ಬರುತ್ತೆ, ಹೋದಾಗ ಕ್ಲಾಸಿಗೊಬ್ಬ ಟೀಚರ್ ಇರುತ್ತಾರೆ. ನನಗೆ ಅಷ್ಟು ಸಾಕು. ಯಾರೂ ಬುದ್ಧಿ ಹೇಳಲು ಬರಬೇಡಿ.

ನಿವೃತ್ತ_ಮುಖ್ಯಗುರು · 9:05

ಎ ಬಿ ಸಿ ಡಿ ಯನ್ನು ಯಾರಾದರೂ ಆರ್ ಜಿ ಎಸ್ ಅಂತ ಕಲಿಸುತ್ತಾರಾ? ಇಂಗ್ಲಿಷಿನವರು ತಮ್ಮ ಕ್ರಮ ಬಿಟ್ಟಿಲ್ಲ. ನಾವು ಬಿಟ್ಟೆವು.

ಅಕ್ಕೋರು_7 · 9:11

ಫೋನಿಕ್ಸ್ ಪದ್ಧತಿಯಲ್ಲಿ ಎಸ್, ಎ, ಟಿ, ಪಿ ಅಂತಲೇ ಶುರು ಮಾಡುತ್ತಾರೆ ಸರ್. ಬೆಂಗಳೂರಲ್ಲಿ ಅದಕ್ಕೇ ಜನ ಸಾವಿರಾರು ರೂಪಾಯಿ ಫೀ ಕಟ್ಟುತ್ತಾರೆ. ನಾವು ಪುಕ್ಕಟೆ ಮಾಡಿದರೆ ತಪ್ಪು.

ನಿವೃತ್ತ_ಮುಖ್ಯಗುರು · 9:13

ಬೆಂಗಳೂರಿನ ಮಾತು ನನಗೆ ಹೇಳಬೇಡಿ.

ಮೆಣಸಿನಕಾಯಿ_ಬ್ಯಾಡಗಿ · 9:20

ಮಾಸ್ತರೇ, ಬೇವಿನ ಗಿಡ ಇದೆಯಾ ನಿಮ್ಮ ಶಾಲೆಯಲ್ಲಿ?

ಏಣಿ_ಮಾಸ್ತರ್ · 9:27

ಇತ್ತು. ಹೊಸ ಶೌಚಾಲಯ ಕಟ್ಟುವಾಗ ಕಡಿದರು.

ನಾನು ಇನ್ನು ಮಲಗುತ್ತೇನೆ. ಸೋಮವಾರದಿಂದ ನಮ್ಮ ಜೊತೆ ಶಿಕ್ಷಕರಿಗೆ ಐದು ದಿನ ತರಬೇತಿ, ಆದೇಶ ಈಗಷ್ಟೇ ವಾಟ್ಸಾಪ್‌ಗೆ ಬಂತು. ನಲಿಕಲಿ ತರಬೇತಿ.

ಅಕ್ಕೋರು_7 · 9:29

ಒಳ್ಳೆಯ ತರಬೇತಿ, ಕಳಿಸಿ. ನಾನೂ ಬರುತ್ತಿದ್ದೇನೆ, ಹೇಳಿಕೊಡಲು.

ಉಣಕಲ್_ಹುಡುಗ · 9:30

ನಿಮ್ಮ ಶಾಲೆಯಲ್ಲಿ ಆ ಐದು ದಿನ ಯಾರಿರುತ್ತಾರೆ ಅಕ್ಕೋರೇ?

ನಿವೃತ್ತ_ಮುಖ್ಯಗುರು · 10:48

ಙ ಬರುವ ಇನ್ನೊಂದು ಪದ ನೆನಪಾಯಿತು. ಪರಾಙ್ಮುಖ.